ಹಾಲಮ್ಮನ ಮರುನುಡಿ

ದಾವಣಗೆರೆಯಲ್ಲಿ ಸತ್ತವರು ಮಾತಾಡಲು ಶುರುಮಾಡಿ ಒಂಬತ್ತು ವರ್ಷವಾಗಿತ್ತು. ಮೊದಲೇ ಮಾತಿನ ಊರು. ಬದುಕಿದ್ದವರಿಗೇ ಸರದಿ ಸಿಗುತ್ತಿರಲಿಲ್ಲ, ಈಗ ಸತ್ತವರೂ ಸಾಲಿಗೆ ಸೇರಿದ್ದರು.

ಎಲ್ಲಕ್ಕೂ ಮೂಲ ಒಂದು ಕಿವಿಮಿಷನ್ನು. ಅರವತ್ತು ದಾಟಿ ಕಿವಿ ಮಂದವಾದವರಿಗೆಲ್ಲ ಸರ್ಕಾರ ಬಿಟ್ಟಿಯಾಗಿ ಕೊಟ್ಟ, ಹುಣಸೆಬೀಜದಷ್ಟು ಗಾತ್ರದ ಯಂತ್ರ. ಯಾವ ದನಿ ಮಗಳದು, ಯಾವುದು ಮಿಕ್ಸಿಯದು ಎಂದು ತಾನೇ ಕಲಿತು, ಬೇಕಾದ್ದನ್ನು ಏರಿಸಿ ಬೇಡದ್ದನ್ನು ಇಳಿಸುತ್ತಿತ್ತು. ಕಲಿಯಬೇಕಾದರೆ ಕೇಳಿದ್ದನ್ನೆಲ್ಲ ಇಟ್ಟುಕೊಳ್ಳಬೇಕಲ್ಲ, ಇಟ್ಟುಕೊಳ್ಳುತ್ತಿತ್ತು. ತೊಟ್ಟವರು ತೀರಿಕೊಂಡ ಮೇಲೆ ಆ ದಾಸ್ತಾನನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಯಾರೋ ಜಾಣರು ದಾರಿ ಹುಡುಕಿದರು. ಅದರಿಂದ ಅವರ ದನಿ, ಪದ, ಧಾಟಿ ಎಲ್ಲ ಹೆಕ್ಕಿ, ಕೇಳಿದ್ದಕ್ಕೆ ಅವರ ಹಾಗೆಯೇ ಉತ್ತರ ಹೇಳುವ ಒಂದು ಪ್ರತಿರೂಪ ಕಟ್ಟಬಹುದು. ಅದೇ ಮರುನುಡಿ. ತೀರಿಕೊಂಡ ಹನ್ನೊಂದನೆಯ ದಿನ, ಶಿವಗಣಾರಾಧನೆಯ ಪ್ರಸಾದಕ್ಕೆ ಮೊದಲು ಬಂಧುಗಳೆಲ್ಲ ಕೂತು ಅದನ್ನು ಕೇಳುವುದು, ಒಂದೆರಡು ಪ್ರಶ್ನೆ ಕೇಳುವುದು, ಕಣ್ಣೊರೆಸಿಕೊಂಡು ಊಟಕ್ಕೆ ಏಳುವುದು ರೂಢಿಯಾಯಿತು. ಆಮೇಲೆ ಅದು ಸಾರ್ವಜನಿಕ ದಾಖಲೆಗೆ ಸೇರುತ್ತಿತ್ತು. ಹೆಸರು ಒತ್ತಿದವರಿಗೆಲ್ಲ ದನಿ.

ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ‘ಕರ್ಣಾಮೃತ’. “ಹೆಸರಲ್ಲೇ ‘ಮೃತ’ ಐತೆ, ಮುಂದೆ ಹಿಂಗಾಗುತ್ತೆ ಅಂತ ಇಟ್ಟವರಿಗೆ ಗೊತ್ತಿತ್ತು ನೋಡ್ರಿ” ಎಂದು ಮೊದಲ ವಾರವೇ ನಗಿಸಿದವನು ಕೊಟ್ರೇಶ. ಮರುನುಡಿ ಕೇಂದ್ರದಲ್ಲಿ ದನಿ ಹೊಂದಿಸುವ ಹಿರಿಯ ತಂತ್ರಜ್ಞ. ಅಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು ಎಂಜಿನಿಯರಿಂಗ್ ಓದಿದ್ದಕ್ಕಿಂತ ಹೆಚ್ಚಾಗಿ ಕಿವಿಗೆ. ಒಮ್ಮೆ ಕೇಳಿದ ದನಿಯನ್ನು ಬಾಯಲ್ಲಿ ಹಾಗೇ ಇಳಿಸುತ್ತಿದ್ದ. ಮೇಲಧಿಕಾರಿಯ ಕೆಮ್ಮು, ಕಂಡಕ್ಟರನ ಸೀಟಿ, ಎರಡನೇ ಮಹಡಿಯ ಲಿಫ್ಟಿನ ನರಳಾಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕು ಹಿಡಿದು ರಜೆ ಘೋಷಿಸಿದ್ದ. ರಜೆಯೂ ಆಯಿತು, ಇವನ ಸಜೆಯೂ ಆಯಿತು.

ಅವನ ಅತ್ತೆ ಹಾಲಮ್ಮ ಲಿಂಗೈಕ್ಯರಾದಾಗ ಕಡತ ಅವನ ಮೇಜಿಗೆ ಬರಲಿಲ್ಲ. ಸ್ವಂತ ಮನೆಯವರ ದನಿಯನ್ನು ಮುಟ್ಟಕೂಡದೆಂಬ ನಿಯಮವಿತ್ತು. ಕೆಲಸ ಪಕ್ಕದ ಮೇಜಿನ ಮುಬೀನಾಳ ಪಾಲಿಗೆ ಬಂತು. ಒಂಬತ್ತನೆಯ ದಿನ ಬೆಳಗ್ಗೆ ಅವಳೇ ಕರಡು ಹಿಡಿದುಕೊಂಡು ಮನೆಗೆ ಬಂದಳು.

“ಸುಮಂಗಲಕ್ಕಾ, ಬೇಜಾರಾಗ್ಬೇಡ್ರಿ, ನಿಮ್ಮಮ್ಮ ಭಾರಿ ತಮಾಷೆ ಮನುಷ್ಯರು. ನಾನು ಹೆಡ್‌ಫೋನ್ ಹಾಕ್ಕೊಂಡು ಒಬ್ಬಳೇ ನಗ್ತಾ ಇದ್ದೆ, ಆಫೀಸಲ್ಲೆಲ್ಲ ನನ್ನೇ ನೋಡೋರು.”

ಕೊಟ್ರೇಶನ ಹೆಂಡತಿ ಸುಮಂಗಲಾ ಸೀರೆಯ ಸೆರಗಲ್ಲೇ ಕೈ ಒರೆಸಿಕೊಂಡು ಬಂದು ಕೂತಳು. ತಾಯಿ ಈ ಮನೆಗೆ ಬಂದು ಆರು ವರ್ಷ. ಕೊನೆಯ ನಾಲ್ಕು ವರ್ಷ ಮಾತೇ ಕಡಿಮೆ. ಕೇಳಿದ್ದಕ್ಕೆ ತಲೆ ಆಡಿಸುವುದು, ಕೈ ತೋರಿಸುವುದು. ವಯಸ್ಸಾಯಿತು, ಕಿವಿ ಹೋಯಿತು ಎಂದು ಮನೆಯವರೂ ಬಿಟ್ಟಿದ್ದರು. ಬಿಟ್ಟೆವಲ್ಲ ಎಂಬ ಕೊರಗು ಒಂಬತ್ತು ದಿನದಿಂದ ಅವಳನ್ನು ತಿನ್ನುತ್ತಿತ್ತು.

ಮುಬೀನಾ ಒತ್ತಿದಳು. ಪಡಸಾಲೆಯಲ್ಲಿ ಹಾಲಮ್ಮನ ದನಿ ಎದ್ದಿತು. ಕಿವಿ ಕೇಳದವರ ಜೋರು ದನಿ, ವಾಕ್ಯದ ತುದಿಯಲ್ಲಿ ಬಾಲ ಎತ್ತಿದ ಹಾಗೆ ಒಂದು ಎಳೆತ.

“ಸುಮೀಈ, ಅಳಿಯಂದ್ರು ಬಂದ್ರೇನೇಏ? ಬರ್ಲಿ ಬಿಡು. ಗಡಿಯಾರ ಕೆಟ್ರೂ ಅವರ ಹೊಟ್ಟೆ ಕೆಡಲ್ಲ!”

ಸುಮಂಗಲಾ ಒಮ್ಮೆಗೇ ನಕ್ಕಳು, ನಗುತ್ತಲೇ ಅತ್ತಳು. “ರೀ, ಕೇಳಿದ್ರಾ? ಅಮ್ಮ! ನಮ್ಮ ಜೊತೆ ಇಷ್ಟು ಮಾತಾಡ್ತಿದ್ಲಲ್ರೀ. ನಕ್ಕಿದ್ದು ನೆನಪೈತೆ, ಅಂದಿದ್ದು ಅಮ್ಮ ಅಂತ ಮರ್ತೇಬಿಟ್ಟಿದ್ದೆ. ಪಾಪ, ಮೂಲೇಲಿ ಸುಮ್ನೆ ಕೂತಿರ್ತಿದ್ಲು ಅಂತ ಅಂದ್ಕೊಂಡು ಒಂಬತ್ತು ದಿನದಿಂದ ಸಾಯ್ತಾ ಇದೀನಿ.”

ಕೊಟ್ರೇಶನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಗಡಿಯಾರದ ಮಾತು ಅವನದು. ಬಡ್ತಿ ಸಿಕ್ಕ ವಾರ ಊಟದ ಮೇಜಿನಲ್ಲಿ, ಅತ್ತೆಯ ಹಾಗೆ ಕತ್ತು ಮುಂದೆ ಚಾಚಿ, ಅವರ ದನಿಯಲ್ಲೇ, ತನ್ನ ಮೇಲೇ ತಾನು ಕಟ್ಟಿ ಹೇಳಿದ್ದು. ಮಗಳು ಪಲ್ಲವಿ ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡಿದ್ದಳು. ಅತ್ತೆ ಆಗ ಎದುರಿನ ಕುರ್ಚಿಯಲ್ಲಿದ್ದರು. ಕಿವಿಮಿಷನ್ನು ಕಿಟಕಿಯ ಕಟ್ಟೆಯ ಮೇಲಿತ್ತು.

ದನಿ ಇನ್ನೊಂದು ಮಾತು ಹೇಳಿತು, ಮತ್ತೊಂದು ಹೇಳಿತು. ಎಲ್ಲವೂ ಅವನವೇ. ತನ್ನ ನಗೆಚಾಟಿಕೆಗಳೆಲ್ಲ ಬಿಳಿ ಸೀರೆ ಉಟ್ಟು ಸಾಲಾಗಿ ಬಂದು ನಿಂತ ಹಾಗಿತ್ತು.

---

ಮರುದಿನ ಮುಬೀನಾಗಿಂತ ಮೊದಲೇ ಕೇಂದ್ರ ಮುಟ್ಟಿದ ಕೊಟ್ರೇಶ ಅವಳು ಬರುವ ತನಕ ಮೇಜಿನ ಸುತ್ತ ತಿರುಗಿದ.

“ಮುಬೀನಾ, ಅತ್ತೆಯ ಕಡತದಲ್ಲಿ ಒಟ್ಟು ಎಷ್ಟು ಮಾತು ಸಿಕ್ತು?”

“ಇನ್ನೂರ ಹನ್ನೆರಡು ಗಂಟೆ ಸಾರ್.”

“ಕಿವೀಲಿ ಇದ್ದಾಗ?”

ಅವಳು ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. “ಮೊದಲನೇ ಎರಡು ವರ್ಷದ್ದು ಮಿಷನ್ ಬದಲಾಯಿಸಿದಾಗ ಹೋಗಿದೆ. ಆಮೇಲಿನ ನಾಲ್ಕು ವರ್ಷಕ್ಕೆ ನಲವತ್ತೊಂದು ನಿಮಿಷ. ಮೌನಿಗಳ ಕೇಸು ಸಾರ್, ಅದಕ್ಕೇ ನಿಮ್ಮ ಸುತ್ತೋಲೆ ಪ್ರಕಾರ ಮಾಡಿದೆ.”

ನಿಮ್ಮ ಸುತ್ತೋಲೆ. ಮರುನುಡಿ ಕಟ್ಟಲು ಕನಿಷ್ಠ ಮೂವತ್ತು ಗಂಟೆಯ ಮಾತು ಬೇಕು. ಮಾತು ಸಾಲದವರ ಮನೆಯವರು ಕೇಂದ್ರದ ಬಾಗಿಲಲ್ಲಿ ಅಳುತ್ತಿದ್ದಾಗ ಪರಿಹಾರ ಹುಡುಕಿದವನು ಇವನೇ. ಕಿವಿಯಿಂದ ತೆಗೆದಿಟ್ಟರೂ ಯಂತ್ರ ಆರುವುದಿಲ್ಲ, ಕೋಣೆಯ ಸದ್ದನ್ನು ಹಿಡಿಯುತ್ತಲೇ ಇರುತ್ತದೆ. ಅದರಲ್ಲಿ ಮೃತರ ದನಿಗೆ ತಾಳೆಯಾಗುವುದನ್ನೆಲ್ಲ ಸೇರಿಸಿಕೊಳ್ಳಿ ಎಂದು ಬರೆದಿದ್ದ. ‘ಕಿತ್ತಿಟ್ಟ ಕಿವಿಗೂ ಕೇಳುತ್ತದೆ’ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ತಾಳೆ ನೋಡುವ ಯಂತ್ರಕ್ಕೆ ನೂರಕ್ಕೆ ತೊಂಬತ್ತು ಹೊಂದಿದರೆ ಸಾಕಿತ್ತು. ಕೊಟ್ರೇಶನ ಅಣಕ ತೊಂಬತ್ತಮೂರು ಹೊಂದಿತ್ತು.

“ಯಾಕೆ ಸಾರ್, ತಪ್ಪಾಯ್ತಾ?”

“ಇಲ್ಲಮ್ಮ. ನೀನು ಸರಿಯಾಗೇ ಮಾಡಿದೀಯ” ಎಂದ. ಅವಳು ಚಹಾಕ್ಕೆ ಎದ್ದುಹೋದಾಗ ಅವಳ ಕುರ್ಚಿಯಲ್ಲಿ ಕೂತ.

ವಾರಸುದಾರರ ಒಪ್ಪಿಗೆಯಿಲ್ಲದೆ ಮೂಲ ಧ್ವನಿ ಕೇಳುವಂತಿಲ್ಲ. ಹೊಸಬರಿಗೆ ಅವನೇ ಇದನ್ನು ಪಾಠ ಮಾಡುತ್ತಿದ್ದ. ಬಚ್ಚಲಿಗೆ ಬೋಲ್ಟು ಇದ್ದ ಹಾಗೆ ಇದು ಕಣ್ರಪ್ಪಾ, ಎನ್ನುತ್ತಿದ್ದ. ಈಗ ಆ ಬೋಲ್ಟನ್ನು ತಾನೇ ಸರಿಸಿ ನಲವತ್ತೊಂದು ನಿಮಿಷವನ್ನು ತೆರೆದ.

ಮೊದಲು ಕಂಡದ್ದು ತಾರೀಖು. ನಾಲ್ಕು ವರ್ಷದ ಹಿಂದೆ, ಪಲ್ಲವಿಯ ಹುಟ್ಟುಹಬ್ಬದ ಮರುದಿನ. ಹುಟ್ಟುಹಬ್ಬದ ದಿನ ಮನೆ ತುಂಬ ಜನ. ಕೊಟ್ರೇಶ ಕೇಕಿನ ಚಾಕು ಹಿಡಿದು ಅತ್ತೆಯ ಹಾಗೆ “ಊಟಕ್ಕೆ ಬರ್ರೀಈಈ” ಎಂದು ಕೂಗಿದ್ದು ಇವನಿಗೇ ನೆನಪಿತ್ತು. ಜನ ಬಿದ್ದು ಬಿದ್ದು ನಕ್ಕಿದ್ದರು. ಈ ಗದ್ದಲದಲ್ಲಿ ಅತ್ತೆಗೆ ಏನು ಕೇಳುತ್ತೆ ಎಂದುಕೊಂಡಿದ್ದ. ಯಂತ್ರದ ದಿನಚರಿ ಹೇಳುತ್ತಿತ್ತು: ಸಂಜೆ ಏಳೂವರೆ, ಕಿವಿಯಲ್ಲಿದೆ. ಗದ್ದಲ ಇಳಿಸಲಾಗಿದೆ. ಮನೆಯವರ ದನಿ ಏರಿಸಲಾಗಿದೆ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು. ಬಾಗಿಲು ಹಾಕಿದ ಸದ್ದು. ಆಮೇಲೆ ಹಾಲಮ್ಮ.

“ಊಟಕ್ಕೆ ಬರ್ರೀ.”

ಸ್ವಲ್ಪ ಬಿಟ್ಟು, ಕಡಿಮೆ ದನಿಯಲ್ಲಿ, “ಊಟಕ್ಕೆ ಬರ್ರಿ.”

ಮತ್ತೆ. ಬಾಲ ತುಂಡರಿಸಿ. ಮತ್ತೆ, ಇನ್ನೂ ತಗ್ಗಿಸಿ, ಗುಟ್ಟು ಹೇಳಿದಂತೆ. ತಗ್ಗಿಸಿದ್ದು ತೀರ ತಗ್ಗಿತೋ ಏನೋ ಎಂದು ಮತ್ತೆ ಏರಿಸಿ. “ಅಳಿಯಂದ್ರೇ, ಊಟಕ್ಕೆ ಬರ್ರಿ.” ಅವನೆದುರಿಗೆ ಎಂದೂ ಹೆಸರೆತ್ತದ, ಬೆನ್ನ ಹಿಂದೂ ಬಹುವಚನ ಬಿಡದ ಹೆಂಗಸು. ಇಪ್ಪತ್ತಮೂರು ಸಲ. ಕೊಟ್ರೇಶ ಎಣಿಸಿದ. ಎಣಿಸಿದ್ದಕ್ಕೂ ನಾಚಿದ. ಕೊನೆಗೆ ನೀರು ಕುಡಿದ ಸದ್ದು. “ಥೂ, ನನಗೆ ಬರಲ್ಲ ಇದು” ಎಂಬ ಮಾತು. ಆಮೇಲೆ ಲೋಟಕ್ಕೆ ಚಮಚ ತಾಕಿಸಿದ ಸದ್ದು, ಟಣ್ ಟಣ್. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಯಾವುದು ಸರಿ ಎಂದು ನೋಡುವ ಹಾಗೆ.

ಅವತ್ತು ಸಂಜೆಯಿಂದ ಮನೆಯಲ್ಲಿ ಊಟಕ್ಕೆ ಕರೆಯುವುದು ಲೋಟ, ಚಮಚ. ‘ಅತ್ತೆ ಈಗ ಹೋಟೆಲ್ ಮಾಣಿ’ ಎಂದು ಕೊಟ್ರೇಶ ಅದನ್ನೂ ಅಣಕಿಸಿದ್ದ. ನಾಲಗೆಯಲ್ಲಿ ಲೊಟ್ಟೆ ಹೊಡೆದು ಟಣ್ ಟಣ್ ಎನ್ನುತ್ತಿದ್ದ.

ದಿನಚರಿಯ ಉಳಿದ ನಾಲ್ಕು ವರ್ಷ ಒಂದೇ ರೀತಿ ಇತ್ತು. ಪ್ರತಿ ಸಂಜೆ ಏಳು ಹತ್ತಕ್ಕೆ ಕಿವಿಯಿಂದ ತೆಗೆಯಲಾಗಿದೆ. ಅವನು ಮನೆ ಮುಟ್ಟುತ್ತಿದ್ದುದು ಏಳೂಕಾಲಿಗೆ.

ಮುಬೀನಾ ಚಹಾ ತಂದಳು. ತನ್ನ ಕುರ್ಚಿಯಲ್ಲಿ ಅವನನ್ನು ನೋಡಿ, ಪರದೆಯನ್ನು ನೋಡಿ, ಲೋಟ ಇಟ್ಟು ಬೇರೆ ಮೇಜಿಗೆ ಹೋದಳು. ಅವಳೇನಾದರೂ ಬೈದಿದ್ದರೆ ವಾಸಿಯಿತ್ತು.

---

ಅವತ್ತು ಹೇಳಿಬಿಡಬೇಕೆಂದೇ ಮನೆಗೆ ಹೋದ. ಸುಮಂಗಲಾ ಆರಾಧನೆಗೆ ಬರುವವರ ಪಟ್ಟಿ ಹಿಡಿದು ಕೂತಿದ್ದಳು.

“ಸುಮಾ, ಆ ಮರುನುಡಿ ಬಗ್ಗೆ ಒಂದು ಮಾತು. ಅದು ಅತ್ತೆಯ ದನಿ ಅಲ್ಲ, ನನ್ನದು.”

“ಹೂಂ, ದೇವರ ದನೀನೂ ನಿಮ್ದೇ. ಸುಮ್ನಿರ್ರಿ, ತಲೆ ಕೆಡ್ತಾ ಐತೆ. ಹರಿಹರದ ಕಡೆಯವರು ಎಷ್ಟು ಜನ ಬರ್ತಾರೆ ಗೊತ್ತಾಗ್ತಿಲ್ಲ.”

“ತಮಾಷೆ ಅಲ್ಲ ಕಣೇ.”

“ನೀವು ತಮಾಷೆ ಮಾಡೋಕೆ ಮುಂಚೆ ಯಾವಾಗ್ಲೂ ಹಿಂಗೇ ಅಂತೀರಿ.”

ನಿಜ. ಹಾಗೇ ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಗಂಭೀರ ಮುಖವನ್ನು ನಗಿಸಲು ಬಳಸಿ ಸವೆಸಿದ್ದ. ಈಗ ಬೇಕಾದ ಹೊತ್ತಿಗೆ ಆ ಮುಖ ಚಲಾವಣೆಯಲ್ಲಿರಲಿಲ್ಲ.

ಅವಳು ಪಟ್ಟಿ ಬದಿಗಿಟ್ಟಳು. “ನಿನ್ನೆ ರಾತ್ರಿ ನಿದ್ದೆ ಬಂತು ಗೊತ್ತಾ? ಅಮ್ಮ ನಗನಗ್ತಾ ಇದ್ಲು ಅನ್ನೋದೊಂದು ಸಿಕ್ತಲ್ಲ, ಅಷ್ಟು ಸಾಕು ನಂಗೆ.”

ಕೊಟ್ರೇಶ ಪಟ್ಟಿಯನ್ನು ಎತ್ತಿ ಅವಳ ಕೈಗೆ ಕೊಟ್ಟ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಸತ್ತವರಿಗೆ ತಿಳಿಯುವುದಿಲ್ಲ, ಇದ್ದವರಿಗೆ ನೆಮ್ಮದಿ. ಅತ್ತೆ ಲವಲವಿಕೆಯ ಹೆಂಗಸೆಂದು ಊರು ನೆನೆಯುತ್ತದೆ. ಎಷ್ಟು ಒಳ್ಳೆಯ ಲೆಕ್ಕ ಎನಿಸಿತು. ಎನಿಸಿದ ತಕ್ಷಣ ಆ ಲೆಕ್ಕದಿಂದ ಯಾರ ಮಾನ ಉಳಿಯುತ್ತದೆ ಎಂಬುದೂ ಹೊಳೆಯಿತು. ಆದರೂ ಸುಮ್ಮನೇ ಇದ್ದ.

---

ಹನ್ನೊಂದನೆಯ ದಿನ ಸಮುದಾಯ ಭವನದಲ್ಲಿ ನೂರೈವತ್ತು ಜನ. ಸ್ವಾಮಿಗಳ ಪೂಜೆ ಮುಗಿಯಿತು. ಮುಬೀನಾ ಯಂತ್ರ ಜೋಡಿಸಿದಳು. ಹಾಲಮ್ಮನ ಹಾರ ಹಾಕಿದ ಫೋಟೋದ ಪಕ್ಕದ ಸ್ಪೀಕರಿನಿಂದ ಮರುನುಡಿ ಶುರುವಾಯಿತು. ಗಡಿಯಾರದ ಮಾತಿಗೆ ಭವನವೆಲ್ಲ ನಕ್ಕಿತು. ಅಡಿಗೆಯವರೂ ಸೌಟು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. “ಹಾಲಮ್ಮಕ್ಕ ಒಳಗೊಳಗೇ ಹಿಂಗಿದ್ಲಾ!” ಎಂದು ಯಾರೋ ಅಂದರು. ಸುಮಂಗಲಾ ಹೆಮ್ಮೆಯಿಂದ ಸುತ್ತ ನೋಡಿದಳು. ತನ್ನ ಜೀವಮಾನದಲ್ಲೇ ಅತಿ ದೊಡ್ಡ ಸಭೆ ತನ್ನ ಮಾತಿಗೆ ನಗುತ್ತಿದೆ ಎಂದು ಕೊಟ್ರೇಶನಿಗೆ ಗೊತ್ತಿತ್ತು. ಅವನಿಗೆ ಕಾಲ ಬೆರಳುಗಳನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯಲಿಲ್ಲ.

ಪ್ರಶ್ನೆ ಕೇಳುವ ಸರದಿ ಬಂತು. ಹಾಲಮ್ಮನ ತಂಗಿ ಚೆನ್ನವೀರಮ್ಮ ಎದ್ದರು. ಎಪ್ಪತ್ತರ ಹತ್ತಿರ, ಮಂಡಿನೋವು. ಅಕ್ಕನ ಎಡೆಗೆಂದು ತಾವೇ ಕೂತು ಮಾಡಿದ ಕರಿಗಡುಬನ್ನು ಬಟ್ಟೆಚೀಲದಲ್ಲಿ ಹಿಡಿದುಕೊಂಡೇ ಸ್ಪೀಕರಿನ ಹತ್ತಿರ ಹೋದರು.

“ಅಕ್ಕಾ, ನಾನು ಚೆನ್ನಿ. ನನ್ನ ನೆನಪೈತೇನೇ?”

ಸ್ಪೀಕರು ಅರೆಕ್ಷಣ ತಡೆದು ಹೇಳಿತು. “ನಿನ್ನ ಮರೆಯೋಕಾಗುತ್ತೇನೇಏ ಚೆನ್ನೀ? ಬರುವಾಗ ಖಾಲಿ ಚೀಲ, ಹೋಗುವಾಗ ತುಂಬಿದ ಚೀಲ. ನಿನಗಿಂತ ನಿನ್ನ ಚೀಲಕ್ಕೇ ನನ್ನ ಮೇಲೆ ಪ್ರೀತಿ ಜಾಸ್ತೀಈ!”

ಒಂದಿಬ್ಬರು ನಕ್ಕರು. ಚೆನ್ನವೀರಮ್ಮ ನಗಲು ನೋಡಿದರು. ತುಟಿ ಸ್ವಲ್ಪ ಎದ್ದು ಅಲ್ಲೇ ನಿಂತಿತು. ಕೈಯಲ್ಲಿದ್ದ ಚೀಲವನ್ನು ಸೆರಗಿನ ಮರೆಗೆ ಎಳೆದುಕೊಂಡರು.

“ನಮ್ಮಕ್ಕ... ನನ್ನ ಬಗ್ಗೆ ಹಿಂಗಂತಿದ್ಲೇನಮ್ಮ ಸುಮಂಗಲಾ? ಕಾಳು ಬೇಳೆ ಅವಳೇ ಕಟ್ಟಿ ಕೊಡ್ತಿದ್ಲಲ್ಲೇ. ಬೇಡ ಅಂದ್ರೂ ಬಿಡ್ತಿರ್ಲಿಲ್ಲ.”

ಸುಮಂಗಲಾಳ ಮುಖ ಇಳಿಯಿತು. ಚೆನ್ನವೀರಮ್ಮ ತಿರುಗಿ ಬಾಗಿಲ ಕಡೆ ಹೊರಟರು, ಮಂಡಿ ಎಳೆಯುತ್ತ.

ಕೊಟ್ರೇಶ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. “ಚಿಕ್ಕತ್ತೆ, ನಿಲ್ರಿ. ಅದನ್ನ ಅಂದಿದ್ದು ನಾನು.”

ಸಭೆ ನಕ್ಕಿತು. ಕೊಟ್ರೇಶ ಬಾಯಿ ತೆರೆದ ಎಂದಮೇಲೆ ನಗಲೇಬೇಕಲ್ಲ. “ಶುರುವಾಯ್ತು ನೋಡಪ್ಪಾ ಅಳಿಯಂದು” ಎಂದ ಮುಂದಿನ ಸಾಲಿನವನೊಬ್ಬ.

“ನಗಬೇಡ್ರಿ” ಎಂದ. ಇನ್ನಷ್ಟು ನಕ್ಕರು.

ನಲವತ್ತೊಂದು ನಿಮಿಷವನ್ನು ಹಾಕಿಸಿಬಿಟ್ಟರೆ ಮುಗಿಯಿತು. ನಿಜವಾದ ದನಿ ಯಾವುದೆಂದು ಕಿವಿಯಿದ್ದವರಿಗೆಲ್ಲ ತಿಳಿಯುತ್ತದೆ. ಮುಬೀನಾ ಅವನನ್ನೇ ನೋಡುತ್ತಿದ್ದಳು, ಬೆರಳು ಗುಂಡಿಯ ಹತ್ತಿರವೇ ಇತ್ತು. ಕೊಟ್ರೇಶ ತಲೆ ಅಡ್ಡಡ್ಡ ಆಡಿಸಿದ. ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡವರನ್ನು ನೂರೈವತ್ತು ಜನರೆದುರು ತಂದು ನಿಲ್ಲಿಸಲಾರ. ಹಾಗಾದರೆ ಉಳಿದದ್ದು ಒಂದೇ ದಾರಿ.

“ಮುಬೀನಾ, ಚೀಲದ ಮಾತು ಇನ್ನೊಂದ್ಸಲ ಹಾಕಮ್ಮ.”

ಸ್ಪೀಕರು ಹೇಳಿತು. ಅದು ಮುಗಿಯುತ್ತಿದ್ದಂತೆ ಕೊಟ್ರೇಶ ಕತ್ತು ಮುಂದೆ ಚಾಚಿ, ಗಂಟಲು ಬಿಗಿ ಮಾಡಿ, ಅದೇ ಮಾತನ್ನು ಹೇಳಿದ. ಅದೇ ಜೋರು, ಅದೇ ಬಾಲ, ‘ಪ್ರೀತಿ’ಯ ಮೇಲಿನ ಅದೇ ಒತ್ತು. ಗಡಿಯಾರದ್ದನ್ನು ಹೇಳಿದ. ಇನ್ನೂ ಎರಡನ್ನು ಹೇಳಿದ. ಮೊದಲನೆಯದಕ್ಕೆ ನಕ್ಕವರು ಎರಡನೆಯದಕ್ಕೆ ನಿಲ್ಲಿಸಿದರು. ನಾಲ್ಕನೆಯದು ಮುಗಿದಾಗ ಅಡಿಗೆಯವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಇಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾಡಿರಲಿಲ್ಲ.

“ನಾಲ್ಕು ವರ್ಷ ದಿನಾ ಊಟದ ಹೊತ್ತಿಗೆ ಹಿಂಗೆ ಮಾಡ್ತಿದ್ದೆ. ಅತ್ತೆಯ ಎದುರಿಗೇ. ಅವರ ಮಿಷನ್ನು ಕಿಟಕಿ ಮೇಲಿರ್ತಿತ್ತು. ಅದು ನನ್ನ ದನಿಯನ್ನ ಅವರ ದನಿ ಅಂತ ಬರ್ಕೊಂಡಿದೆ. ಇದರಲ್ಲಿ ಅವರ ಮಾತು ಒಂದೂ ಇಲ್ಲ. ಚಿಕ್ಕತ್ತೆ, ನಿಮ್ಮಕ್ಕ ನಿಮ್ಮ ಬಗ್ಗೆ ಯಾವತ್ತೂ ಹಿಂಗಂದಿಲ್ಲ.”

ಚೆನ್ನವೀರಮ್ಮ ಹಿಂತಿರುಗಿ ಬಂದು ಅವನೆದುರು ನಿಂತರು. ಹೊಡೆಯುತ್ತಾರೆಂದುಕೊಂಡ. ಹೊಡೆಯಲಿಲ್ಲ. “ಹಂಗಾರೆ ನಮ್ಮಕ್ಕ ಮಾತಾಡಿದ್ದು ಎಲ್ಲೈತಪ್ಪಾ?”

“ಸ್ವಲ್ಪ ಐತೆ. ಅವರೊಬ್ಬರೇ ಇದ್ದಾಗ ಆಡಿದ್ದು. ಕೇಳಬಾರದಿತ್ತು, ಕೇಳಿದೆ.”

“ಏನಂದ್ಲು?”

ಇಡೀ ಭವನ ಅವನ ಬಾಯನ್ನೇ ನೋಡುತ್ತಿತ್ತು. “ಅದನ್ನ ಮಾತ್ರ ಹೇಳಲ್ಲ” ಎಂದ.

ಸುಮಂಗಲಾ ಕುರ್ಚಿಯಿಂದ ಎದ್ದಿರಲಿಲ್ಲ. ಅವಳೆದುರು ಹೋಗಿ ನಿಂತ. “ನೀನು ವಾರಸುದಾರಳು. ನಿನಗೆ ಹಕ್ಕಿದೆ, ಕೇಳಬಹುದು. ಯಾರೂ ಕೇಳದಿರ್ಲಿ ಅಂತ ಅತ್ತೆ ಬಾಗಿಲು ಹಾಕ್ಕೊಂಡಿದ್ರು, ಅಷ್ಟು ಹೇಳ್ತೀನಿ.”

ಅವಳು ಅಮ್ಮನ ಫೋಟೋ ನೋಡಿದಳು. “ದಿನಾ ನೀವು ಮಾಡ್ತಿದ್ರಿ” ಎಂದಳು ಮೆಲ್ಲಗೆ. “ದಿನಾ ನಾನು ನಗ್ತಿದ್ದೆ.” ಆಮೇಲೆ ಮುಬೀನಾಳ ಕಡೆ ತಿರುಗಿ, “ಅಮ್ಮ ಹಾಕಿದ ಬಾಗಿಲು ನಾನು ತೆಗೆಯಲ್ಲ. ಎಲ್ಲ ಅಳಿಸಿಬಿಡಮ್ಮ” ಎಂದಳು.

ಕೊಟ್ರೇಶನ ಕಡೆ ನೋಡದೆ ಚೆನ್ನವೀರಮ್ಮನ ಕೈಯಿಂದ ಚೀಲ ತೆಗೆದುಕೊಂಡು ಎಡೆ ಇಡಲು ಹೋದಳು.

---

ಅಳಿಸುವುದು ಸುಲಭವಿರಲಿಲ್ಲ. ದಾಖಲೆಯಲ್ಲಿ ಹೆಸರಿದ್ದಮೇಲೆ ಅದರಡಿ ಏನಾದರೂ ಇರಲೇಬೇಕು. ಮರುನುಡಿ ಇಲ್ಲವಾದರೆ, ಏಕಿಲ್ಲ ಎಂಬುದನ್ನು ಕಾರಣವಾದವರು ತಮ್ಮ ದನಿಯಲ್ಲೇ ಹೇಳಬೇಕು. ಆ ಕಾರಣವನ್ನು ಆಮೇಲೆ ಯಾರೂ ಅಳಿಸುವಂತಿಲ್ಲ. ಮುಂದೆ ಹಾಲಮ್ಮನ ಹೆಸರು ಒತ್ತಿದವರಿಗೆಲ್ಲ ಕೇಳುವುದು ಅಷ್ಟೇ.

ಸುಮಂಗಲಾ ಕೇಂದ್ರಕ್ಕೆ ಬಂದು, ಒಪ್ಪಿಗೆಗೆ ಹೆಬ್ಬೆಟ್ಟೊತ್ತಿ, ಹೊರಗಿನ ಬೆಂಚಿನಲ್ಲಿ ಕೂತಳು. ಗಾಜಿನ ಕೋಣೆಯಲ್ಲಿ ಕೊಟ್ರೇಶ ಮೈಕಿನ ಮುಂದೆ ಕೂತ. ಮುಬೀನಾ ಕೈ ತೋರಿಸಿದಳು.

ಮೊದಲ ಸಲ ಅವನು ಪೀಠಿಕೆ ಹಾಕಿದ. ಬಾಯಿಯ ಚಪಲ, ಕಿವಿಯ ಶಾಪ ಎಂದೇನೋ ಪ್ರಾಸ ಬಂತು. ಪರದೆಯಲ್ಲಿ ಅಕ್ಷರ ಮೂಡಿತು: ‘ದನಿ: ಮೃತರು. ತಾಳೆ ತೊಂಬತ್ತೆರಡು.’ ಯಂತ್ರದಲ್ಲಿದ್ದ ಹಾಲಮ್ಮನನ್ನು ಕಟ್ಟಿದ್ದೇ ಅವನ ಗಂಟಲಿನಿಂದ. ಇನ್ನಾರನ್ನು ಗುರುತಿಸೀತು?

ಅಳಿಸಿ, ಎರಡನೇ ಸಲ ದುಃಖ ತುಂಬಿ ಹೇಳಿದ. ಗದ್ಗದ ಎಲ್ಲಿ ಬರಬೇಕೋ ಅಲ್ಲೇ ಬಂತು, ನಾಟಕದ ಹಾಗೆ. ‘ದನಿ: ಮೃತರು. ತಾಳೆ ತೊಂಬತ್ತು.’

ಮುಬೀನಾ ಗಾಜಿನಾಚೆ ತಲೆ ತಗ್ಗಿಸಿಕೊಂಡಳು. ಅವನು ನೀರು ಕುಡಿದ. ಯಾರ ಹಾಗೂ ಮಾತಾಡದೆ ಇರುವುದು ಹೇಗೆಂದು ಯೋಚಿಸಿದ. ಹೊಳೆಯಲಿಲ್ಲ. ಹೊಳೆಯದೆಯೇ ಬಾಯಿ ತೆರೆದ.

“ಹಾಲಮ್ಮನವರ ಮರುನುಡಿ ಇಲ್ಲ. ಅವರು ಮಾತಾಡೋದನ್ನ ನಾನು ಅಣಕ ಮಾಡಿದೆ. ಅದು ಅವರಿಗೆ ಕೇಳಿಸ್ತು. ಆಮೇಲೆ ಅವರು ಮಾತು ಬಿಟ್ರು.”

ಗಾಜಿನಾಚೆ, ಹೊರಗಿನ ಸ್ಪೀಕರಿನಲ್ಲಿ ಕೇಳುತ್ತ ಬೆಂಚಿನ ಮೇಲಿದ್ದ ಸುಮಂಗಲಾ ತಲೆಯೆತ್ತಿದಳು. ಅಮ್ಮನಿಗೆ ಕೇಳಿಸ್ತು ಎಂಬ ಆ ಮಾತು ಅವಳಿಗೆ ಈಗಷ್ಟೇ ತಲುಪಿತ್ತು.

ಪರದೆ ಕೆಲಹೊತ್ತು ಖಾಲಿಯಿದ್ದು ಬರೆಯಿತು: ‘ದನಿ: ಬೇರೆ ವ್ಯಕ್ತಿ. ಮೃತರಿಗೆ ನಿಮ್ಮ ಸಂಬಂಧ ತಿಳಿಸಿ.’

ಅವನು ದನಿ ಸರಿಮಾಡಿಕೊಳ್ಳಲು ಕೆಮ್ಮಲಿಲ್ಲ, ಹೇಗೆ ಬಂತೋ ಹಾಗೇ ಬಿಟ್ಟ.

“ಅಳಿಯ” ಎಂದ.